ಮೊದಲು ತಟ್ಟೆ, ಆಮೇಲೆ ದಿನಚರಿ, ಕೊನೆಗೆ ಡಬ್ಬಿ

ಔಷಧಿ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಈಗ ಹೊಟ್ಟೆಯ ಸಾಮಾನುಗಳೇ. ಗ್ಯಾಸಿಗೆ ಪುಡಿ, ಎದೆಯುರಿಗೆ ಮಾತ್ರೆ, ಮಲಬದ್ಧತೆಗೆ ಚೂರ್ಣ. ಇತ್ತೀಚೆಗೆ ಇವುಗಳ ಪಕ್ಕಕ್ಕೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲು, ಕರುಳು ‘ಶುದ್ಧಿ’ ಮಾಡುವ ಜ್ಯೂಸು, ನಾರಿನ ಪುಡಿಗಳೂ ಬಂದಿವೆ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಹಲವು ದುಡ್ಡು ದಂಡ, ಒಂದೆರಡು ಅಪಾಯ. ಯಾವುದು ಯಾವ ಗುಂಪಿನದು ಎಂದು ಬೇರ್ಪಡಿಸಬೇಕಾದರೆ ಕರುಳಿನ ಕೆಲಸ ಹೇಗೆ ನಡೆಯುತ್ತದೆಂದು ಒಂದಿಷ್ಟು ತಿಳಿದಿರಬೇಕು. ಅಷ್ಟು ತಿಳಿದರೆ ದುಡ್ಡು, ಶ್ರಮ ಎರಡನ್ನೂ ಯಾವ ಕ್ರಮದಲ್ಲಿ ಹಾಕಬೇಕೆಂಬುದೂ ಸ್ಪಷ್ಟವಾಗುತ್ತದೆ.

ಉಳಿಕೆಯೇ ಅವುಗಳ ಊಟ

ಉಂಡ ಆಹಾರ ಜಠರದಲ್ಲಿ ಅರೆಯಲ್ಪಟ್ಟು, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿಗೆ ಬರುತ್ತದೆ. ಪಿಷ್ಟ, ಪ್ರೋಟೀನು, ಕೊಬ್ಬು ಇಲ್ಲಿ ಜೀರ್ಣವಾಗಿ ದೇಹ ಸೇರುತ್ತವೆ. ಜೀರ್ಣವಾಗದೆ ಉಳಿದ ನಾರು ಒಂದೂವರೆ ಮೀಟರಿನ ದೊಡ್ಡ ಕರುಳಿಗೆ ಇಳಿಯುತ್ತದೆ. ನಮ್ಮ ಪಾಲಿಗೆ ಅದು ಉಳಿಕೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. 70 ಕಿಲೋ ತೂಕದ ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಅಂದಾಜು ಮಾಡಿದರು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಎಲ್ಲವನ್ನೂ ಸೇರಿಸಿ ತೂಗಿದರೂ 200 ಗ್ರಾಂ ಆಸುಪಾಸು.

ಇವು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ನಾರು ಸಿಗದೆ ಹೋದಾಗ ಕೆಲವು ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆ ಪದರವನ್ನೇ ತಿನ್ನತೊಡಗುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹೊರಗಿನಿಂದ ಎಷ್ಟೇ ಒಳ್ಳೆಯ ಬ್ಯಾಕ್ಟೀರಿಯಾ ತಂದು ನುಂಗಿದರೂ ಅವಕ್ಕೆ ಊಟ ಹಾಕದಿದ್ದರೆ ಅವು ಅಲ್ಲಿ ನಿಲ್ಲುವುದಿಲ್ಲ. ತಟ್ಟೆ ಮೊದಲು ಎನ್ನುವುದಕ್ಕೆ ಇದೇ ಕಾರಣ.

ಮಲವಿಸರ್ಜನೆಯಲ್ಲಿ ಯಾವುದು ಸಹಜ ಎಂಬುದನ್ನೂ ಇಲ್ಲೇ ತಿಳಿದುಕೊಳ್ಳೋಣ. ದಿನವೂ ಬೆಳಿಗ್ಗೆ ಒಂದು ಸಲ ಆಗಲೇಬೇಕು ಎಂದು ಅನೇಕರು ತಲೆ ಕೆಡಿಸಿಕೊಳ್ಳುತ್ತಾರೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಷ್ಟಾದರೂ ಸಹಜವೇ. ಎಷ್ಟು ಸಲ ಎಂಬುದಕ್ಕಿಂತ ಹೇಗಿದೆ ಎಂಬುದನ್ನು ನೋಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪುಗೊಂಡ, ವೈದ್ಯರು ಈಗಲೂ ಬಳಸುವ ಒಂದು ಪಟ್ಟಿಯಲ್ಲಿ ಮಲವನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಆಡಿನ ಹಿಕ್ಕೆಯಂತೆ ಗಟ್ಟಿಯಾದದ್ದು ಒಂದನೆಯದು, ಪೂರ್ತಿ ನೀರಾದದ್ದು ಏಳನೆಯದು. ತಿಣುಕದೆ ಹೋಗುವ, ಮೆತ್ತಗಿದ್ದೂ ಒಡೆಯದ ಮೂರು ಮತ್ತು ನಾಲ್ಕನೆಯ ಬಗೆ ಒಳ್ಳೆಯವು.

ನಾರಿನ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನ ಪ್ರಕಾರ ದಿನಕ್ಕೆ 2000 ಕಿಲೋಕ್ಯಾಲೊರಿ ಉಣ್ಣುವವರಿಗೆ ಸುಮಾರು 30 ಗ್ರಾಂ ನಾರು ಬೇಕು. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿರುವುದು 3 ಗ್ರಾಮಿಗಿಂತ ಕಡಿಮೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮೊಸರು ಎಂದು 250 ಗ್ರಾಂ ಅಕ್ಕಿ ಉಂಡರೂ ಅದರಿಂದ ಸಿಗುವ ನಾರು 7 ಗ್ರಾಂ ಮಾತ್ರ. ರಾಗಿಯಲ್ಲಿ 100 ಗ್ರಾಮಿಗೆ 11 ಗ್ರಾಂ, ಜೋಳದಲ್ಲಿ 10 ಗ್ರಾಂ ಇದೆ. ಹಳೆ ಮೈಸೂರಿನ ಮುದ್ದೆಯನ್ನೂ ಉತ್ತರ ಕರ್ನಾಟಕದ ರೊಟ್ಟಿಯನ್ನೂ ಬಿಳಿ ಅನ್ನ ಪಕ್ಕಕ್ಕೆ ಸರಿಸಿದ ಮನೆಗಳಲ್ಲಿ ದಿನದ ನಾರು ಎಷ್ಟು ಕುಸಿದಿದೆ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

30 ಗ್ರಾಂ ತಲುಪುವುದು ಕಷ್ಟದ ಮಾತೇನಲ್ಲ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಅಥವಾ ಅಷ್ಟೇ ಜೋಳದ ಹಿಟ್ಟಿನ ಎರಡು ರೊಟ್ಟಿಯಿಂದ 10–11 ಗ್ರಾಂ. ಒಂದು ಹಿಡಿ ಇಡೀ ಹೆಸರುಕಾಳಿನ ಪಲ್ಯ ಅಥವಾ ಮೊಳಕೆ ಸಾರಿನಿಂದ 6 ಗ್ರಾಂ. ಸೊಪ್ಪು, ತರಕಾರಿ ಸೇರಿ 300 ಗ್ರಾಮಿನಿಂದ 8 ಗ್ರಾಂ. ಒಂದು ದೊಡ್ಡ ಸೀಬೆಹಣ್ಣಿನಿಂದ ಇನ್ನೂ 8 ಗ್ರಾಂ. ಅಷ್ಟಕ್ಕೆ ಲೆಕ್ಕ ತುಂಬಿತು. ಮಧ್ಯಾಹ್ನದ ಅನ್ನವನ್ನು ಪೂರ್ತಿ ಬಿಡುವ ಅಗತ್ಯವೂ ಬರಲಿಲ್ಲ.

ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು, 250 ಗ್ರಾಂ ಧಾನ್ಯ ಎಂದು ಹೇಳುತ್ತದೆ. ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಬೇಕೆಂಬುದು ಅದರ ಸಾರ. ನಮ್ಮ ಬಹುತೇಕ ಮನೆಗಳಲ್ಲಿ ಪಲ್ಯ ತಟ್ಟೆಯ ಅಂಚಿನಲ್ಲಿ ಒಂದು ಚಮಚವಾಗಿ ಉಳಿದಿದೆ. ಅದನ್ನು ಒಂದು ಬಟ್ಟಲಿಗೆ ಏರಿಸಿದರೆ ಅರ್ಧ ಕೆಲಸ ಮುಗಿದಂತೆ.

ಎಷ್ಟು ಎಂಬುದರ ಜೊತೆಗೆ ಎಷ್ಟು ಬಗೆ ಎಂಬುದೂ ಮುಖ್ಯ. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, 10ಕ್ಕಿಂತ ಕಡಿಮೆ ತಿನ್ನುವವರಿಗಿಂತ ಹೆಚ್ಚು ವೈವಿಧ್ಯದ ಬ್ಯಾಕ್ಟೀರಿಯಾಗಳಿವೆ ಎಂದು ಅಮೆರಿಕದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಮೂವತ್ತು ಎಂದರೆ ಗಾಬರಿಯಾಗಬೇಕಿಲ್ಲ. ಬೆರಕೆ ಸೊಪ್ಪಿನ ಬಸ್ಸಾರಿನ ಒಂದು ಪಾತ್ರೆಯಲ್ಲೇ ನಾಲ್ಕೈದು ಬಗೆ ಸೊಪ್ಪು, ಒಂದು ಕಾಳು ಇರುತ್ತವೆ. ಬಾಳೆದಿಂಡಿನ ಪಲ್ಯ, ಹುರುಳಿ ಸಾರು, ಅವರೆಕಾಳು, ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಹೆಸರುಬೇಳೆ ಕೋಸಂಬರಿ, ರೊಟ್ಟಿಯ ಜೊತೆ ಹಸಿಯಾಗಿ ಕಚ್ಚುವ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ: ಇವನ್ನು ವಾರದಲ್ಲಿ ಸರದಿಯಂತೆ ಮಾಡಿದರೆ ಎಣಿಕೆ ತಾನಾಗಿ ಏರುತ್ತದೆ.

ನಿಧಾನವಾಗಿ ಏರಿಸಿ

ಇಷ್ಟು ಓದಿ ನಾಳೆಯೇ ಎಲ್ಲ ಬದಲಿಸಿದರೆ ಹೊಟ್ಟೆ ಉಬ್ಬರಿಸಿಕೊಂಡು, ನಾಡಿದ್ದಿಗೆ ಎಲ್ಲ ಬಿಟ್ಟುಬಿಡುತ್ತೀರಿ. ಬ್ಯಾಕ್ಟೀರಿಯಾಗಳಿಗೆ ಹೊಸ ಊಟಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಒಂದು ಕ್ರಮ ಹೀಗಿರಬಹುದು:

- ಮೊದಲ ವಾರ: ಒಂದು ಹೊತ್ತಿನ ಅನ್ನದ ಬದಲು ಮುದ್ದೆ, ರೊಟ್ಟಿ ಅಥವಾ ಕರಾವಳಿಯವರಾದರೆ ಕೆಂಪು ಕುಚಲಕ್ಕಿ.
- ಎರಡನೇ ವಾರ: ಪಲ್ಯದ ಪ್ರಮಾಣ ದುಪ್ಪಟ್ಟು; ದಿನಕ್ಕೊಂದು ಇಡೀ ಹಣ್ಣು, ಜ್ಯೂಸ್ ಬೇಡ.
- ಮೂರನೇ ವಾರ: ದಿನ ಬಿಟ್ಟು ದಿನ ಇಡೀ ಕಾಳು.
- ನಾಲ್ಕನೇ ವಾರ: ಬಿಸ್ಕತ್ತು, ಚಿಪ್ಸ್, ಬೇಕರಿ ತಿಂಡಿಯ ಜಾಗಕ್ಕೆ ಹುರಿಗಡಲೆ, ಶೇಂಗಾ, ಬೇಯಿಸಿದ ಕಡಲೆ.

ನಾರು ಏರಿದಂತೆ ನೀರೂ ಏರಬೇಕು, ಇಲ್ಲದಿದ್ದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಗ್ಯಾಸ್ ಮಾಡುವ ಸಕ್ಕರೆಗಳು ಕಡಿಮೆಯಾಗುತ್ತವೆ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು.

ಕೆಲವರಿಗೆ ಈ ಸಲಹೆಯೇ ತೊಂದರೆ ಕೊಡಬಹುದು. ಪದೇ ಪದೇ ಹೊಟ್ಟೆನೋವು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಕಾಡುವ ಐಬಿಎಸ್ ಇದ್ದವರಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳು, ಹಾಲು ಉಬ್ಬರ ತರುತ್ತವೆ. ಇಂಥವರಿಗಾಗಿ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ‘ಲೋ ಫಾಡ್‌ಮ್ಯಾಪ್’ ಪಥ್ಯವಿದೆ. ಕೆಲವು ವಾರ ಇವನ್ನು ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ಸೇರಿಸುತ್ತ ತಮಗೆ ಆಗದ್ದು ಯಾವುದೆಂದು ಪತ್ತೆ ಹಚ್ಚುವುದು ಅದರ ವಿಧಾನ. ಜೀವನಪೂರ್ತಿ ಮಾಡುವ ಪಥ್ಯ ಇದಲ್ಲ. ಆಹಾರ ತಜ್ಞರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಪರೀಕ್ಷೆ ಮಾಡಿಸದೆ ಗೋಧಿಯನ್ನೋ ಹಾಲನ್ನೋ ಶಾಶ್ವತವಾಗಿ ಬಿಡುವುದೂ ಸರಿಯಲ್ಲ.

ಮೊಸರು, ತಂಬುಳಿ, ಇಡ್ಲಿ: ಜೀವ ಉಳಿದಿರುವುದು ಯಾವುದರಲ್ಲಿ?

ಹುಳಿ ಬಂದ ಹಾಲಿನಿಂದ ಆಯುಸ್ಸು ಹೆಚ್ಚುತ್ತದೆಂಬ ವಾದವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಗತ್ತಿಗೆಲ್ಲ ಹಬ್ಬಿಸಿದವರು ರಷ್ಯನ್ ಮೂಲದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. ರೋಗನಿರೋಧಕ ಶಕ್ತಿಯ ಸಂಶೋಧನೆಗೆ 1908ರಲ್ಲಿ ನೊಬೆಲ್ ಪಡೆದವರು. ಆಯುಸ್ಸಿನ ಮಾತು ಹಾಗಿರಲಿ, ಹುದುಗಿಸಿದ ಆಹಾರದ ಬಗ್ಗೆ ಈಗ ಒಂದಿಷ್ಟು ಆಧಾರವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಮಂದಿ ಆರೋಗ್ಯವಂತರ ಮೇಲೆ 10 ವಾರ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುದುಗಿಸಿದ ಆಹಾರ ತಿಂದವರ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ಇಳಿದವು. ಅಧ್ಯಯನ ಚಿಕ್ಕದು, ಆದರೆ ದಿಕ್ಕು ಸ್ಪಷ್ಟ.

ನಮ್ಮ ಅಡುಗೆಮನೆಯಲ್ಲಿ ಹುದುಗಿದ್ದೆಲ್ಲ ಒಂದೇ ಅಲ್ಲ. ಇಡ್ಲಿ, ದೋಸೆಯ ಹಿಟ್ಟು ಉಬ್ಬುವುದು ಬ್ಯಾಕ್ಟೀರಿಯಾಗಳಿಂದಲೇ. ಆದರೆ ಹಬೆಯಲ್ಲಿ ಬೆಂದಾಗ, ಕಾವಲಿಯ ಮೇಲೆ ಬಿದ್ದಾಗ ಅವು ಸಾಯುತ್ತವೆ. ಹುದುಗುವಿಕೆಯಿಂದ ಹಿಟ್ಟು ಹಗುರಾಗಿ ಜೀರ್ಣವಾಗುತ್ತದೆ, ಖನಿಜಾಂಶಗಳು ಚೆನ್ನಾಗಿ ಹೀರಲ್ಪಡುತ್ತವೆ. ಅದು ಲಾಭವೇ ಹೌದು, ಆದರೆ ಇಡ್ಲಿಯನ್ನು ಪ್ರೊಬಯಾಟಿಕ್ ಎನ್ನಲಾಗದು. ಕುದಿಸಿದ ಮಜ್ಜಿಗೆ ಹುಳಿಯದೂ ಇದೇ ಕಥೆ. ಮಲೆನಾಡು, ಕರಾವಳಿಯ ತಂಬುಳಿಯಲ್ಲಿ ಮಾತ್ರ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿಯ ಜೊತೆ ರುಬ್ಬಿ ಮಜ್ಜಿಗೆ ಬೆರೆಸುತ್ತಾರೆ, ಒಲೆಗೆ ಇಡುವುದಿಲ್ಲ. ಜೀವಂತ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತವೆ. ರಾಗಿ ಅಂಬಲಿಯನ್ನು ಆರಿಸಿ ಆಮೇಲೆ ಮಜ್ಜಿಗೆ ಬೆರೆಸುವುದು, ಮೊಸರು ಬಜ್ಜಿ, ನೀರು ಮಜ್ಜಿಗೆ ಎಲ್ಲ ಇದೇ ಸಾಲಿನವು. ಹಾಲು ಕುಡಿದರೆ ಹೊಟ್ಟೆ ಕೆಡುವ ಅನೇಕರಿಗೆ ಮೊಸರು ಒಗ್ಗುತ್ತದೆ, ಏಕೆಂದರೆ ಹಾಲಿನ ಲ್ಯಾಕ್ಟೋಸ್‌ನ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳು ಆಗಲೇ ಮುಗಿಸಿರುತ್ತವೆ.

ತಂಗಳನ್ನದ ಬಗ್ಗೆ ಒಂದು ಎಚ್ಚರಿಕೆ. ಅನ್ನ ಆರಿದಾಗ ಅದರ ಪಿಷ್ಟದ ಸ್ವಲ್ಪ ಭಾಗ ಜೀರ್ಣವಾಗದ ರೂಪಕ್ಕೆ ತಿರುಗಿ ನಾರಿನಂತೆ ದೊಡ್ಡ ಕರುಳನ್ನು ತಲುಪುತ್ತದೆ, ಇದು ಒಳ್ಳೆಯದು. ಆದರೆ ಅನ್ನ ಬೆಂದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗೆ ಇಡಿ. ಕೆಟ್ಟ ವಾಸನೆ, ಲೋಳೆ ಕಂಡರೆ ಚೆಲ್ಲಿ. ಉಪ್ಪಿನಕಾಯಿಯನ್ನು ಕರುಳಿನ ಔಷಧಿ ಎಂದು ತಿನ್ನಬೇಡಿ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯಲ್ಲಿ ಅದಕ್ಕೆ ಸಿಗುವ ಜಾಗ ಬಹಳ ಸಣ್ಣದು.

ದಿನಚರಿಯಲ್ಲಿ ಐದು ಬದಲಾವಣೆ

*ಬೆಳಗಿನ ಹೊತ್ತು ಬಿಡುವು ಇರಲಿ.* ತಿಂಡಿ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಪ್ರತಿಕ್ರಿಯೆ. ಶಾಲೆ, ಬಸ್ಸು, ಆಫೀಸಿನ ಅವಸರದಲ್ಲಿ ಆ ಕರೆಯನ್ನು ದಿನವೂ ತಡೆಹಿಡಿದರೆ ಕ್ರಮೇಣ ಅದು ಮಂದವಾಗುತ್ತದೆ. ಹತ್ತು ನಿಮಿಷ ಮುಂಚೆ ಏಳುವುದು ಅನೇಕ ಚೂರ್ಣಗಳಿಗಿಂತ ಮೇಲು.

*ಕೂರುವ ಭಂಗಿ ಸರಿಯಿರಲಿ.* ಕುಕ್ಕರುಗಾಲಿನಲ್ಲಿ ಕೂತಾಗ ಗುದನಾಳದ ಬಾಗು ನೇರವಾಗಿ ತಿಣುಕುವುದು ತಪ್ಪುತ್ತದೆ. ಕಮೋಡ್ ಬಳಸುವವರು ಕಾಲ ಕೆಳಗೆ ಗೇಣೆತ್ತರದ ಮಣೆ ಇಟ್ಟುಕೊಂಡು ಮಂಡಿಯನ್ನು ಸೊಂಟಕ್ಕಿಂತ ಮೇಲೆ ತನ್ನಿ, ಸ್ವಲ್ಪ ಮುಂದಕ್ಕೆ ಬಾಗಿ. ಮೊಬೈಲ್ ಹೊರಗಿರಲಿ, ಅರ್ಧ ಗಂಟೆ ಅಲ್ಲೇ ಕೂರುವುದು ಮೂಲವ್ಯಾಧಿಗೆ ಆಹ್ವಾನ.

*ರಾತ್ರಿ ಊಟ ಮತ್ತು ಹಾಸಿಗೆಯ ನಡುವೆ ಎರಡು–ಮೂರು ಗಂಟೆ ಅಂತರವಿರಲಿ.* ಎದೆಯುರಿ ಇರುವವರಿಗೆ ಮಾತ್ರೆಗಿಂತ ಮೊದಲು ಮಾಡಬೇಕಾದ ಕೆಲಸ ಇದು. ಮಂಚದ ತಲೆಯ ಕಡೆ ಎತ್ತರಿಸುವುದು, ಎಡ ಮಗ್ಗುಲಲ್ಲಿ ಮಲಗುವುದು ಸಹ ಸಹಾಯಕ.

*ನಡೆಯಿರಿ.* ವಾರಕ್ಕೆ 150 ನಿಮಿಷ ಚುರುಕು ನಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ. ಊಟದ ನಂತರ ಹತ್ತು ನಿಮಿಷ ಓಡಾಡಿದರೆ ಉಬ್ಬರ ಕಡಿಮೆಯಾಗುತ್ತದೆ.

*ನಿದ್ದೆ, ಮನಸ್ಸು ಎರಡನ್ನೂ ನೋಡಿಕೊಳ್ಳಿ.* ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ದೇಹದ ಸೆರೊಟೋನಿನ್‌ನ ಸುಮಾರು ಶೇ 90 ಭಾಗ ತಯಾರಾಗುವುದು ಇಲ್ಲೇ. ಪರೀಕ್ಷೆಯ ದಿನ ಹೊಟ್ಟೆ ಕೆಡುವುದು ನೆಪವಲ್ಲ. ಐಬಿಎಸ್ ಇದ್ದವರಿಗೆ ಆತಂಕ ಕಡಿಮೆ ಮಾಡುವ ಆಪ್ತಸಮಾಲೋಚನೆ ಚಿಕಿತ್ಸೆಯ ಭಾಗವೇ ಆಗಿದೆ. ಸಿಗರೇಟು, ಗುಟ್ಕಾ, ಮದ್ಯದ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ.

ಪೂರಕಗಳು: ಯಾವುದಕ್ಕೆ ಯಾವುದು?

ಇಸಬ್ಗೋಲು: ಪೂರಕಗಳಲ್ಲಿ ಹೆಚ್ಚು ಆಧಾರ ಇರುವುದು ಇದಕ್ಕೆ. ಗುಜರಾತ್, ರಾಜಸ್ಥಾನದಲ್ಲಿ ಬೆಳೆಯುವ ಈ ಬೀಜದ ಹೊಟ್ಟು ನೀರು ಹೀರಿ ಲೋಳೆಯಾಗಿ ಮಲವನ್ನು ಮೆದುವಾಗಿಸುತ್ತದೆ. ಮಲಬದ್ಧತೆಗೂ ಐಬಿಎಸ್‌ಗೂ ನಡೆಯುತ್ತದೆ. ಒಂದು ಟೀ ಚಮಚದಿಂದ ಶುರುಮಾಡಿ, ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಿರಿ. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬೇರೆ ಔಷಧಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ನುಂಗಲು ಕಷ್ಟವಿರುವವರಿಗೆ, ಕರುಳು ಕಟ್ಟಿಕೊಂಡ ಅನುಮಾನ ಇದ್ದವರಿಗೆ ಬೇಡ.

ಪ್ರೊಬಯಾಟಿಕ್ ಕ್ಯಾಪ್ಸೂಲು: ಇವು ಸರ್ವರೋಗಕ್ಕೂ ಮದ್ದಲ್ಲ. ಅಮೆರಿಕದ ಜಠರ–ಕರುಳು ತಜ್ಞರ ಸಂಘ 2020ರಲ್ಲಿ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ಬಹುತೇಕ ಹೊಟ್ಟೆಯ ಕಾಯಿಲೆಗಳಿಗೆ ಇವನ್ನು ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲ ಎಂದಿತು. ಆಂಟಿಬಯಾಟಿಕ್ ಜೊತೆ ಬರುವ ಭೇದಿಯನ್ನು ತಡೆಯಲು ಕೆಲವು ನಿರ್ದಿಷ್ಟ ತಳಿಗಳು ಉಪಯುಕ್ತ. ಆದ್ದರಿಂದ ವೈದ್ಯರನ್ನು ‘ಯಾವ ತಳಿ, ಯಾವ ಕಾರಣಕ್ಕೆ, ಎಷ್ಟು ದಿನ?’ ಎಂದು ಕೇಳಿ. ಕೊಳ್ಳುವಾಗ ತಳಿಯ ಪೂರ್ಣ ಹೆಸರು, ಜೀವಂತ ಬ್ಯಾಕ್ಟೀರಿಯಾಗಳ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಇಡಬೇಕಾದ ಉಷ್ಣಾಂಶ ನೋಡಿ. ಆಹಾರವಾಗಿ ಮಾರುವ ಪ್ರೊಬಯಾಟಿಕ್‌ನಲ್ಲಿ ದಿನದ ಪ್ರಮಾಣಕ್ಕೆ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂಬುದು ನಮ್ಮ ದೇಶದ ನಿಯಮ. ಕೀಮೋಥೆರಪಿಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಕೇಳದೆ ತೆಗೆದುಕೊಳ್ಳಬಾರದು.

ತ್ರಿಫಲ, ಸೋನಾಮುಖಿ: ನೆಲ್ಲಿಕಾಯಿ, ಅಳಲೆಕಾಯಿ, ತಾರೆಕಾಯಿ ಸೇರಿದ ತ್ರಿಫಲ ಮಲಬದ್ಧತೆಗೆ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದರ ಹೆಸರಿನಲ್ಲಿ ಸಿಗುವ ಅನೇಕ ಚೂರ್ಣಗಳಲ್ಲಿ ಸೋನಾಮುಖಿಯೂ ಇರುತ್ತದೆ; ಪಟ್ಟಿ ಓದಿ. ಸೋನಾಮುಖಿ ಕರುಳನ್ನು ಕೆರಳಿಸಿ ಭೇದಿ ಮಾಡಿಸುವ ಗಿಡ. ಆಗೊಮ್ಮೆ ಈಗೊಮ್ಮೆ ಸರಿ. ಪ್ರಮಾಣ ಮೀರಿ ತಿಂಗಳುಗಟ್ಟಲೆ ತಿಂದರೆ ದೇಹದ ಪೊಟ್ಯಾಶಿಯಂ ಕುಸಿಯಬಹುದು. ಗರ್ಭಿಣಿಯರು ಎರಡನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಶುಂಠಿ, ಜೀರಿಗೆ, ಓಮ, ಪುದೀನಾ: ವಾಕರಿಕೆಗೆ ಶುಂಠಿ ಕೆಲಸ ಮಾಡುತ್ತದೆಂಬುದಕ್ಕೆ ಒಳ್ಳೆಯ ಆಧಾರವಿದೆ. ಜೀರಿಗೆ ಕಷಾಯ, ಓಮದ ನೀರು, ಇಂಗು ಹಾಕಿದ ಮಜ್ಜಿಗೆ ಅಡುಗೆಮನೆಯ ಪ್ರಮಾಣದಲ್ಲಿ ಸುರಕ್ಷಿತ, ಹಲವರಿಗೆ ಹಾಯೆನಿಸುತ್ತದೆ. ಐಬಿಎಸ್ ನೋವಿಗೆ ಕರುಳಿನಲ್ಲಿ ಕರಗುವಂತೆ ತಯಾರಿಸಿದ ಪುದೀನಾ ಎಣ್ಣೆಯ ಕ್ಯಾಪ್ಸೂಲು ನೆರವಾಗುತ್ತದೆ. ಎದೆಯುರಿ ಇದ್ದವರಿಗೆ ಅದು ಉರಿ ಹೆಚ್ಚಿಸಬಹುದು.

ದೂರ ಇಡಬೇಕಾದವು: ಕರುಳು ಶುದ್ಧಿಯ ಜ್ಯೂಸುಗಳಿಂದ ಕರುಳಿಗೆ ಆಗಬೇಕಾದ್ದು ಏನೂ ಇಲ್ಲ. ಅರಿಸಿನ ಸಾರಿಗೆ ಎಷ್ಟು ಬೇಕಾದರೂ ಹಾಕಿ. ಆದರೆ ಕರಿಮೆಣಸಿನ ಸಾರ ಸೇರಿಸಿದ ಹೆಚ್ಚು ಪ್ರಮಾಣದ ಕರ್ಕ್ಯುಮಿನ್ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ನೊರೆ ಬರುವ ಗ್ಯಾಸಿನ ಪುಡಿಯಲ್ಲಿ ಸೋಡಿಯಂ ಬಹಳ. ರಕ್ತದೊತ್ತಡ ಇದ್ದವರಿಗೆ ದಿನನಿತ್ಯದ ಅಭ್ಯಾಸ ಬೇಡ.

ಮಾತ್ರೆಯ ಅಭ್ಯಾಸ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುವುದು ಕಾಫಿ ಕುಡಿಯುವಷ್ಟೇ ಸಹಜವಾಗಿರುವ ಮನೆಗಳಿವೆ. ಹುಣ್ಣು, ತೀವ್ರ ಎದೆಯುರಿಗೆ ಇದು ಒಳ್ಳೆಯ ಔಷಧಿ. ವೈದ್ಯರು ಹೇಳಿದ ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಮುಂದುವರಿಸಿದರೆ ವಿಟಮಿನ್ ಬಿ12 ಕೊರತೆ, ಕರುಳಿನ ಸೋಂಕು ಬರುವ ಸಾಧ್ಯತೆ ಹೆಚ್ಚು. ದಿಢೀರನೆ ನಿಲ್ಲಿಸಿದರೆ ಉರಿ ಹೆಚ್ಚಾಗಿ ಮರಳಬಹುದು, ಆದ್ದರಿಂದ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಿ. ಹೊಟ್ಟೆಯ ಹುಣ್ಣಿಗೆ ಖಾರವೇ ಕಾರಣ ಎಂಬ ನಂಬಿಕೆಯನ್ನೂ ಬಿಡಬೇಕು. ಮುಖ್ಯ ಕಾರಣಗಳು ಎಚ್. ಪೈಲೊರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಈ ಬ್ಯಾಕ್ಟೀರಿಯಾವನ್ನು ಗುರುತಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಪರೀಕ್ಷೆ ಮಾಡಿಸಿ ಎರಡು ವಾರದ ಔಷಧಿಯಲ್ಲಿ ಹೋಗಬಹುದಾದ ಕಾಯಿಲೆಗೆ ಹತ್ತು ವರ್ಷ ಮಾತ್ರೆ ನುಂಗುವುದು ನಷ್ಟದ ವ್ಯಾಪಾರ. ನೆಗಡಿ, ಸಾಮಾನ್ಯ ಭೇದಿಗೆ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ತರುವ ಚಾಳಿಯೂ ಕರುಳಿಗೆ ದೊಡ್ಡ ಹೊಡೆತ. ಭೇದಿಗೆ ಮೊದಲು ಬೇಕಾದದ್ದು ಓಆರ್‌ಎಸ್. ಪೊಟ್ಟಣದ ಮೇಲೆ 200 ಮಿಲಿಯೋ ಒಂದು ಲೀಟರೋ ಎಂದು ನೋಡಿ ಅಷ್ಟೇ ನೀರಿಗೆ ಕಲಸಿ. ಪೆಟ್ಟಿಗೆಯಲ್ಲಿ ಬರುವ ಸಿಹಿ ಪಾನೀಯಗಳು ಅದಕ್ಕೆ ಬದಲಿಯಲ್ಲ.

ಕಾಯಬಾರದ ಲಕ್ಷಣಗಳು

ಮಲದಲ್ಲಿ ರಕ್ತ, ಟಾರಿನಂತೆ ಕಪ್ಪಾದ ಮಲ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನುಂಗುವಾಗ ತಡೆ, ನಿದ್ದೆಯಿಂದ ಎಬ್ಬಿಸುವ ಭೇದಿ, ನಿಲ್ಲದ ವಾಂತಿ, 45 ದಾಟಿದ ಮೇಲೆ ಹೊಸದಾಗಿ ಬದಲಾದ ಮಲವಿಸರ್ಜನೆಯ ಅಭ್ಯಾಸ, ಮನೆತನದಲ್ಲಿ ಕರುಳಿನ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ಆಹಾರ ಬದಲಾವಣೆಯ ಪ್ರಯೋಗ ಬೇಡ, ನೇರ ವೈದ್ಯರ ಬಳಿ ಹೋಗಿ. ರಕ್ತ ಕಂಡರೆ ಮೂಲವ್ಯಾಧಿ ಇರಬೇಕೆಂದು ತಾವೇ ತೀರ್ಮಾನಿಸಿ, ನಾಚಿಕೆಪಟ್ಟು, ತಿಂಗಳುಗಳನ್ನು ಕಳೆಯುವುದರಿಂದಲೇ ಕರುಳಿನ ಕ್ಯಾನ್ಸರ್ ಎಷ್ಟೋ ಸಲ ತಡವಾಗಿ ಪತ್ತೆಯಾಗುತ್ತದೆ.

ಇವು ಯಾವುವೂ ಇಲ್ಲದ ಉಳಿದ ಎಲ್ಲರಿಗೂ ಒಂದು ವಿನಂತಿ. ನಾಲ್ಕು ವಾರ ತಟ್ಟೆ ಮತ್ತು ದಿನಚರಿ ಬದಲಿಸಿ ನೋಡಿ. ಏನು ಉಂಡಿರಿ, ಎಷ್ಟು ಹೊತ್ತಿಗೆ, ಹೊಟ್ಟೆ ಹೇಗಿತ್ತು ಎಂದು ದಿನಕ್ಕೆ ಎರಡು ಸಾಲು ಬರೆದಿಡಿ. ಅನೇಕರಿಗೆ ಅಷ್ಟರಲ್ಲೇ ಗುಣ ಕಾಣಬಹುದು. ಕಾಣದಿದ್ದರೆ ಆ ಹಾಳೆಯನ್ನು ವೈದ್ಯರ ಮುಂದೆ ಇಡಿ. ನಿಮಗೆ ಯಾವ ಪರೀಕ್ಷೆ ಬೇಕು, ಯಾವ ಪೂರಕ ಬೇಕು ಅಥವಾ ಯಾವುದೂ ಬೇಡವೇ ಎಂದು ಹೇಳಲು ಅವರಿಗೆ ಅದು ಬಹಳ ನೆರವಾಗುತ್ತದೆ.